ಕೆಂಪು ಬಿಲ್ಲೆಯ ಲಿಲಾವು

ಪಂಕ್ಚರ್ ಅಂಗಡಿಯವನಿಗೆ ಮೊಳೆ ಸಿಗಬೇಕು. ನನಗೆ ಸಿಕ್ಕಿದ್ದು ಕ್ಯಾಸಿನೊ ಬಿಲ್ಲೆ. ಅಂದಿನಿಂದ ಒಂದಲ್ಲ ಒಂದು ಫಜೀತಿ ತಪ್ಪಿದ್ದಿಲ್ಲ. ನನ್ನ ಅಂಗಡಿ ರಾಮನಗರದಲ್ಲಿ, ಬೆಳಗಾವಿಯಿಂದ ಗೋವಾಕ್ಕೆ ಹೋಗುವ ರಸ್ತೆಗೇ ಇದೆ. ಜೂಜಿನಲ್ಲಿ ದುಡ್ಡಿನ ಬದಲು ಇಡುವ ಆ ಬಣ್ಣದ ಬಿಲ್ಲೆ ಕೆಲವರ ಜೇಬಿನಲ್ಲಿ ಉಳಿದು ಬರುತ್ತದೆ. ಬಾಗಿಲು ಹಾಕಿದ ಒಂದು ಹಡಗಿನ ಕ್ಯಾಸಿನೊದ ಎಲ್ಲ ಬಣ್ಣದ ಬಿಲ್ಲೆಗಳನ್ನೂ ಕೂಡಿಸಿಯೇ ತೀರಬೇಕೆಂದು ನಾನು ಹಟ ಹಿಡಿದಿದ್ದೆ.

ಹೋದ ಕಾರು, ಬಂದ ಕಾರು

ಗೋವಾಕ್ಕೆ ಹೊರಟ ಹಳಿಯಾಳದ ಸಾಹುಕಾರರೊಬ್ಬರಿಗೆ ಪುಕ್ಕಟೆ ಪಂಕ್ಚರ್ ಹಾಕಿಕೊಟ್ಟು, ಒಂದು ಬಿಲ್ಲೆ ತನ್ನಿ ಎಂದೆ. ಜೇಬು ತುಂಬ ತರುತ್ತೇನೆ ಎಂದರು. ಮರುದಿನ ಬಂದರು, ಮತ್ತೆ ಪಂಕ್ಚರ್. ಬಿಲ್ಲೆ ಇಲ್ಲ. ಇರಲಿ, ಸ್ಟೆಪ್ನಿ ತೆಗೆಯಿರಿ ಎಂದೆ. ನೆಲ ನೋಡುತ್ತ ಹೇಳಿದರು:

"ಅದನ್ನ ಮಾರೇ ಪೆಟ್ರೋಲ್ ಹಾಕಿಸ್ಕೊಂಡ ಬಂದೇನಿ."

ಹುಣಸೆಹಣ್ಣು

ಬಿಲ್ಲೆ ಕೂಡಿಸುವ ಹಿರಿಯರೊಬ್ಬರು ಬೆಳಗಾವಿಯಿಂದ ಬಂದಾಗ ಬೆಲೆಯ ಗುಟ್ಟು ಹೇಳಿಕೊಟ್ಟರು. ಮುಚ್ಚಿದ ಕ್ಯಾಸಿನೊದ್ದಾದರೆ ಬೆಲೆ ಹೆಚ್ಚು. ಗೀರು ಬಿದ್ದರೆ ಕಡಿಮೆ, ತಿಕ್ಕಿ ತೊಳೆದರೆ ಹೋಗೇ ಹೋಯಿತು. ಬೇಕು ಅನ್ನುವವರು ಇಬ್ಬರಿದ್ದರಂತೂ ತಾನೇ ಏರುತ್ತದೆ. ಊಟಕ್ಕೆ ಕೂತಾಗಲೆಲ್ಲ ಇದನ್ನೇ ಹೇಳಿ ಹೇಳಿ ಹೆಂಡತಿಯ ತಲೆ ತಿಂದೆ.

ಕಡೆಗೆ ಕೊರತೆಯಿದ್ದ ಕೆಂಪು ಬಿಲ್ಲೆಯೂ ಸಿಕ್ಕಿತು. ಚೌತಿಯ ಮುಂಚೆ ಹಿತ್ತಾಳೆ ದೀಪ ತಿಕ್ಕಲು ಕೂತ ಹೆಂಡತಿ ಅದನ್ನೂ ಹುಣಸೆಹಣ್ಣು, ತೆಂಗಿನ ನಾರು ಹಾಕಿ ತಿಕ್ಕಿದಳು. ಹೆಸರು, ಅಂಕಿ ಎಲ್ಲ ಮಾಯ. ತಿಕ್ಕಬಾರದು ಅಂತ ದಿನಾ ಬಡಕೊಂಡಿದ್ದೆನಲ್ಲ ಎಂದು ಕೇಳಿದೆ.

"ನೀವು ದಿನಾ ಅದನ್ನ ಹೇಳ್ತಿದ್ರಿ, ನಾ ಕೇಳೋದು ಬಿಟ್ಟಿದ್ದೆ."

ಆದರೆ ಆ ರಾತ್ರಿ ಅವಳೂ ಉಣ್ಣಲಿಲ್ಲ.

ಗಣಪತಿಯ ಮುಂದೆ

ಅದೇ ಚೌತಿಗೆ ಗೋವಾದಲ್ಲಿ ಎಲ್ಲ ಕಳೆದುಕೊಂಡು ಬಂದ ಒಬ್ಬ ಡ್ರೈವರ್, ಯಾರೂ ಬದಲಿಸಿಕೊಡದ ತನ್ನ ಹಳೇ ಬಿಲ್ಲೆಯನ್ನು ನಮ್ಮ ಓಣಿಯ ಗಣಪತಿಯ ತಟ್ಟೆಗೆ ಹಾಕಿ ಹೋದ. ನೋಡಿದರೆ ಅದೇ ಹಡಗಿನ ಕೆಂಪು ಬಿಲ್ಲೆ! ಒಂದು ಗೀರೂ ಇಲ್ಲ. ಮಂಡಳಿಯವರನ್ನು ಕೇಳಿದೆ. ದೇವರಿಗೆ ಬಂದದ್ದು ಗಣಪತಿಯನ್ನು ನೀರಿಗೆ ಕಳಿಸುವ ದಿನ ಕೂಗಿ ಮಾರುವ ಲಿಲಾವಿನಲ್ಲೇ ಹೋಗಬೇಕು ಎಂದರು.

ಲಿಲಾವಿನ ದಿನ ಹತ್ತು ರೂಪಾಯಿಯಿಂದ ಕೂಗು ಶುರುವಾಯಿತು. ನಾನು ಇಪ್ಪತ್ತು ಎಂದೆ. ಹಿಂದಿನಿಂದ ಐವತ್ತು ಎಂದವರು ಪಕ್ಕದ ಗ್ಯಾರೇಜಿನ ಚಾಚಾ. ಈ ಮನುಷ್ಯನಿಗೆ ಬಿಲ್ಲೆ ಯಾಕೆ? ನೂರು ಎಂದೆ. ಇನ್ನೂರು ಎಂದರು. ಒಳಗೆ ಬಂಗಾರ ಇರಬೇಕು ಅಂತ ಜನ ಮಾತಾಡತೊಡಗಿದರು. ಸತ್ತರೂ ಬಿಡುವುದಿಲ್ಲ ಎಂದು ನಾನೂ ಹಲ್ಲು ಕಚ್ಚಿದೆ. ಎರಡು ಸಾವಿರ ದಾಟಿದ ಮೇಲೆ ಚಾಚಾ ಮುಖ ಒರೆಸಿಕೊಂಡು ಸುಮ್ಮನಾದರು. ಬಿಲ್ಲೆ ನನ್ನದಾಯಿತು.

ನನಗ್ಯಾಕೆ ಅಡ್ಡ ಬಂದಿರಿ ಎಂದು ಸಿಟ್ಟಿನಿಂದಲೇ ಕೇಳಿದೆ.

"ನಾ ಏನ ಮಾಡ್ಲಿ? ನಿಮ್ಮನಿ ಭಾಭಿನೇ ಎರಡು ಸಾವಿರ ಕೈಯಾಗಿಟ್ಟು, ಏನರ ಆಗ್ಲಿ ಬಿಡಬ್ಯಾಡ್ರಿ, ನಮ್ಮನಿಯವರಿಗೆ ಕೊಡಬೇಕು, ಅವರಿಗೆ ಮಾತ್ರ ಹೇಳಬ್ಯಾಡ್ರಿ ಅಂದ್ರು. ಮಾತು ಕೊಟ್ಟಿದ್ದೆ."

ತಿರುಗಿ ನೋಡಿದರೆ ಹೆಂಗಸರ ಸಾಲಿನಲ್ಲಿ ಹೆಂಡತಿ ತಲೆ ಮೇಲೆ ಕೈ ಹೊತ್ತು ನಿಂತಿದ್ದಳು. ನನಗೆ ಸಿಟ್ಟೂ ಬಂತು, ಕಣ್ಣೂ ತುಂಬಿದವು. ಹತ್ತಿರ ಬಂದು ಮೆಲ್ಲಗೆ ಹೇಳಿದಳು:

"ಬೇಕನ್ನೋರು ಇಬ್ಬರಿದ್ರ ಬೆಲಿ ಏರ್ತೈತಿ ಅಂದಿದ್ರಿ. ಇಬ್ಬರೂ ಒಂದ ಮನಿಯವರು ಇರಬಾರದು ಅಂತ ಹೇಳೇ ಇಲ್ಲಲ್ಲ."