ನಾನು ಸುತ್ತಿದ ಟೇಪು, ಅವರು ಬಿಚ್ಚಿದ ನಲ್ಲಿ

ನಮ್ಮ ಅಡುಗೆಮನೆಯ ಸಿಂಕಿನ ಕೆಳಗೆ ಗೋಡೆಯಿಂದ ಒಂದು ಕೊಳವೆ ಬರುತ್ತದೆ. ಅದಕ್ಕೆ ಒಂದು ಪುಟ್ಟ ನಲ್ಲಿ. ಅವೆರಡೂ ಸೇರುವ ಸಂಧಿಯಲ್ಲಿ ಹೊಸ ವರ್ಷದಿಂದ ನೀರು ತೊಟ್ಟಿಕ್ಕುತ್ತಿತ್ತು. ಅದರಡಿ ಒಂದು ಬೋಗುಣಿ ಇಟ್ಟಿದ್ದೆವು. ಅದು ತುಂಬಿದಾಗ ಚೆಲ್ಲುವ ಕೆಲಸ ನನ್ನದು. "ನಾಳೆ ನೋಡ್ತೀನಿ" ಎನ್ನುವ ಕೆಲಸ ನನ್ನ ಗಂಡ ತ್ರಿಫೋನನದು. ಇಬ್ಬರೂ ನಮ್ಮ ನಮ್ಮ ಕರ್ತವ್ಯವನ್ನು ಚಾಚೂ ತಪ್ಪದೆ ಮಾಡುತ್ತಿದ್ದೆವು.

ಫೆಬ್ರವರಿಯಲ್ಲಿ ಸಂತ ತ್ರಿಫೋನನ ಹಬ್ಬ. ಎಂದರೆ ಆ ಸಂತನ ಹೆಸರು ಹೊತ್ತ ನನ್ನ ಗಂಡನ ಹೆಸರಿನ ದಿನ, ಹುಟ್ಟುಹಬ್ಬದಷ್ಟೇ ದೊಡ್ಡದು. ಡ್ಯಾನ್ಯೂಬ್ ನದಿಯ ದಂಡೆಯ ನಮ್ಮ ರುಸೆ ಪಟ್ಟಣದಲ್ಲಿ ಹೆಸರಿನ ದಿನಕ್ಕೆ ಯಾರನ್ನೂ ಕರೆಯುವುದಿಲ್ಲ, ಎಲ್ಲರೂ ಬರುತ್ತಾರೆ. ಬಂದವರು ಅಡುಗೆಮನೆಗೆ ನುಗ್ಗದೆ ಇರುವುದಿಲ್ಲ. ಅಷ್ಟು ಜನರ ಮುಂದೆ ಬೋಗುಣಿ ಹಿಡಿದು ಓಡಾಡಲು ನನಗೇನು ಗ್ರಹಚಾರ? ಸೋರುವ ಸಂಧಿಗೆ ನಾನೇ ಟೇಪು ಸುತ್ತುತ್ತೇನೆಂದು ಹಾರ್ಡ್‌ವೇರ್ ಅಂಗಡಿಗೆ ಹೋದೆ.

"ಯಜಮಾನ್ರನ್ನ ಕಳಿಸಿ ಮೇಡಂ, ಅವ್ರಿಗೆ ಗೊತ್ತಿರತ್ತೆ" ಎಂದ ಅಂಗಡಿಯವನು.

"ಅವ್ರಿಗೆ ಗೊತ್ತಿದ್ದಿದ್ರೆ ನಾನ್ಯಾಕಪ್ಪ ಬರ್ತಿದ್ದೆ?"

ಅವನು ಬಿಳಿ ಟೆಫ್ಲಾನ್ ಟೇಪಿನ ಸುರುಳಿಯೊಂದನ್ನು ಮುಂದಿಟ್ಟ.

ನಾನು ಕೇಶಾಲಂಕಾರ ಮಾಡುವವಳು. ಊರಿನ ಅರ್ಧ ಹೆಂಗಸರ ಕೂದಲನ್ನು ಕರ್ಲರಿಗೆ ಸುತ್ತಿರುವ ಕೈ ಇದು. ಅಲುಗಾಡುವ ತಲೆಗೇ ಸುತ್ತಿದವಳಿಗೆ ಅಲುಗಾಡದ ಕೊಳವೆ ಯಾವ ಲೆಕ್ಕ? ಮನೆಗೆ ಬರುವ ನೀರನ್ನೇ ಬಂದ್ ಮಾಡಿ, ನಲ್ಲಿ ಬಿಚ್ಚಿ, ಹಳೆಯ ಕೊಳೆಯನ್ನೆಲ್ಲ ಹಲ್ಲುಜ್ಜುವ ಬ್ರಷ್ಷಿನಲ್ಲಿ ಉಜ್ಜಿದೆ (ಬ್ರಷ್ಷು ತ್ರಿಫೋನನದು, ಅವನಿಗೆ ಇನ್ನೂ ಹೇಳಿಲ್ಲ). ನಲ್ಲಿಯನ್ನು ಬಿಗಿ ಮಾಡಲು ಯಾವ ಕಡೆ ತಿರುಗಿಸುತ್ತೇವೋ ಟೇಪು ಅದಕ್ಕೆ ಬಿಚ್ಚಿಕೊಳ್ಳದಂತೆ, ಎಳೆದೆಳೆದು, ತಿರುಪಿನ ಗೆರೆಗಳೊಳಗೆ ಕೂರುವ ಹಾಗೆ ಸುತ್ತಿದೆ. ಬಿಗಿ ಮಾಡಿ ನೀರು ಬಿಟ್ಟೆ. ಕೆಳಗೆ ಒಂದು ಕಾಗದದ ಕರವಸ್ತ್ರ ಹಾಸಿ ಸಂಜೆಯವರೆಗೆ ಕಾದೆ. ಅದು ಗರಿಗರಿಯಾಗಿಯೇ ಇತ್ತು.

ತ್ರಿಫೋನ್ ಬಂದವನು ಮಂಡಿಯೂರಿ ನೋಡಿದ. ಹೊಗಳುತ್ತಾನೆಂದು ಸೆರಗಿಲ್ಲದ ಉಡುಪಿನಲ್ಲೂ ಸೆರಗು ಸರಿಮಾಡಿಕೊಂಡವಳಂತೆ ನಿಂತಿದ್ದೆ.

"ನೀರು ಬರ್ತಿಲ್ಲ" ಎಂದ, ಅನುಮಾನದಿಂದ.

"ಬರಬಾರದು ಅಂತಾನೇ ಮಾಡಿದ್ದು."

"ಗಟ್ಟಿಯಾಗಿ ಕೂತಿದ್ಯಾ ಅಂತ ಒಂಚೂರು ನೋಡ್ತೀನಿ."

ಬೇಡವೆನ್ನುವಷ್ಟರಲ್ಲಿ ಸ್ಪ್ಯಾನರ್ ಹಾಕಿ ಅದನ್ನು ಹಿಂದಕ್ಕೆ ತಿರುಗಿಸಿಯೇ ಬಿಟ್ಟ. ಸುತ್ತಿದ ಟೇಪನ್ನು ಒಮ್ಮೆ ಹಿಂದಕ್ಕೆ ತಿರುಗಿಸಿದರೆ ಮುಗಿಯಿತು, ಮತ್ತೆ ಹೊಸದಾಗಿಯೇ ಸುತ್ತಬೇಕು. ಟಪ್ ಎಂದು ಒಂದು ಹನಿ ಬಿತ್ತು.

"ನೋಡಿದ್ಯಾ?" ಎಂದ, ಕಳ್ಳನನ್ನು ಹಿಡಿದುಕೊಟ್ಟವನ ಹಾಗೆ. "ನಾನು ಹೇಳ್ಲಿಲ್ವಾ, ಸರಿಯಾಗಿ ಕೂತಿಲ್ಲ ಅಂತ."

ವ್ಯಾಕರಣದಲ್ಲಿ ಲೋಪಸಂಧಿ ಎಂದು ಒಂದಿದೆಯಲ್ಲ, ಅದು ಹೇಗೆ ಆಗುತ್ತದೆಂದು ಅವತ್ತು ಕಣ್ಣಾರೆ ಕಂಡೆ. ಮತ್ತೆ ನೀರು ಬಂದ್ ಮಾಡಿ, ಮತ್ತೆ ಸುತ್ತಿ, ಅವನನ್ನು ಅಡುಗೆಮನೆಯಿಂದ ಆಚೆ ಅಟ್ಟಿದೆ.

ಹಬ್ಬದ ದಿನ ಬಂತು. ನಮ್ಮ ಹಬ್ಬದ ತಿಂಡಿ ಬಾನಿತ್ಸಾವನ್ನು ಒಲೆಯಿಂದ ಇಳಿಸಿದ್ದೆ. ಪದರ ಪದರವಾಗಿ ಉಬ್ಬಿ, ನಡುವೆ ಚೀಸು ಇಣುಕುತ್ತಿತ್ತು. ಎಲೆಕೋಸಿನ ಎಲೆಯಲ್ಲಿ ಸುತ್ತಿದ ಸರ್ಮಿ ಕುದಿಯುತ್ತಿತ್ತು. ಮೈದುನ ಕಾಮೆನ್ ವೈನಿನ ಜಾಡಿ ಹೊತ್ತು ಬಂದ. ಕೆಳಗಿನ ಮನೆಯ ಕ್ಯಾಪ್ಟನ್ ರುಸಿ ಬಂದರು. ಡ್ಯಾನ್ಯೂಬಿನಲ್ಲಿ ಸರಕು ದೋಣಿ ನಡೆಸಿ ನಿವೃತ್ತರಾದವರು. ಎರಡನೇ ಲೋಟ ಮುಗಿಯುವಷ್ಟರಲ್ಲಿ ತ್ರಿಫೋನ್, "ನಮ್ ನೆವೆನಾ ಪ್ಲಂಬರ್ ಆಗಿದ್ದಾಳೆ" ಎಂದ. ಅವನ ನಾಲಿಗೆಗೇ ಟೇಪು ಸುತ್ತಬೇಕಾಗಿತ್ತು. ಮೂವರೂ ಎದ್ದು ಸಿಂಕಿನ ಮುಂದೆ ಕುಳಿತರು.

"ಅತ್ತಿಗೆ, ತುಂಬಾ ತೆಳ್ಳಗೆ ಸುತ್ತಿದ್ದೀರ" ಎಂದ ಕಾಮೆನ್.

"ಒಳಗಡೆ ಇರೋದು ನಿಂಗೆ ಹೇಗಪ್ಪ ಕಾಣ್ತು?"

"ಟೇಪೇ ತಪ್ಪು ತಾಯಿ" ಎಂದರು ಕ್ಯಾಪ್ಟನ್. "ಸೆಣಬಿನ ನಾರು ಸುತ್ಬೇಕು. ನಮ್ ದೋಣೀಲಿ ಬರೀ ನಾರು."

"ನಿಮ್ಮ ದೋಣಿ ಹೇಗೂ ನೀರಲ್ಲೇ ಇತ್ತಲ್ಲ ಸ್ವಾಮಿ. ಸೋರಿದ್ರೆ ಯಾರಿಗೆ ಗೊತ್ತಾಗತ್ತೆ?"

ಈ ಜಗಳದಲ್ಲಿ ನನ್ನ ಕಣ್ಣು ಕ್ಯಾಪ್ಟನ್ನರ ಮೇಲಿತ್ತು. ಕಾಮೆನ್ನನ ಕೈ ಎಲ್ಲಿತ್ತೆಂದು ನೋಡಲಿಲ್ಲ. ಅವನು ನೀರು ಬಂದ್ ಮಾಡದೆಯೇ ಸ್ಪ್ಯಾನರ್ ಹಾಕಿ ನಲ್ಲಿಯನ್ನು ಧಾರಾಳವಾಗಿ ಹಿಂದಕ್ಕೆ ತಿರುಗಿಸಿದ್ದ. ಸುಯ್ಯೆಂದು ಚಿಮ್ಮಿದ ನೀರು ಕ್ಯಾಪ್ಟನ್ನರ ಮೀಸೆಯನ್ನು ತೋಯಿಸಿ, ಮೇಜಿನ ಮೇಲಿದ್ದ ಬಾನಿತ್ಸಾದ ಮೇಲೆ ಬಿತ್ತು. ಬೆಳಗಿನಿಂದ ಉಬ್ಬಿಸಿದ್ದ ಪದರಗಳು ಒದ್ದೆ ದಿನಪತ್ರಿಕೆಯಂತೆ ಮಲಗಿಬಿಟ್ಟವು.

ಮೂವರು ಗಂಡಸರೂ ನನ್ನ ಕಡೆ ನೋಡಿದರು. "ಸೋರ್ತಿದೆ" ಎಂದ ತ್ರಿಫೋನ್.

ನೀರು ಬಂದ್ ಮಾಡಿ, ಹೊಸ ರೇಷ್ಮೆ ಉಡುಪಿನಲ್ಲಿ ನೆಲಕ್ಕೆ ಮಲಗಿ, ಆರು ಬೂಟುಗಳ ನಡುವೆ, ನಾನು ಮತ್ತೊಮ್ಮೆ ಟೇಪು ಸುತ್ತಿದೆ. ಸೋರುವುದು ನಿಂತಿತು. ತಲೆಯ ನೀರು ಒರೆಸಿಕೊಂಡು ಹೊರಗೆ ಬಂದಾಗ ಕಾಮೆನ್ ಲೋಟ ಎತ್ತಿ ಹಿಡಿದಿದ್ದ: "ಅಂತೂ ನಾವೆಲ್ಲ ಸೇರಿ ಸರಿಮಾಡಿದ್ವಿ. ಅಣ್ಣನ ಆಯಸ್ಸು ಗಟ್ಟಿಯಾಗಿರ್ಲಿ."

ನಾವೆಲ್ಲ ಸೇರಿ! ಆ ಸಿಟ್ಟಿನಲ್ಲಿ ಸ್ಪ್ಯಾನರನ್ನು ಅವರ ಕೈಗೆ ಮತ್ತೆಂದೂ ಸಿಗದ ಕಡೆ ಸೇರಿಸಿ, ತಂಗಿ ಗಿನ್ಕಾಳಿಗೆ ಫೋನ್ ಮಾಡಿ, ಗಂಡಸರ ಕುಲವನ್ನೇ ಜಾಲಾಡಿದೆ. "ಇನ್ನೊಬ್ಬರು ಮಾಡಿದ ಕೆಲಸ ಒಪ್ಪಿಕೊಂಡ್ರೆ ಇವರ ಗಂಟೇನು ಹೋಗತ್ತೆ ಹೇಳು" ಎಂದೆ. ಗಿನ್ಕಾ ನನ್ನ ಮಾತಿಗೆಲ್ಲ ಹೂಂಗುಟ್ಟಿದಳು. ಹೂಂಗುಟ್ಟಿದ್ದು ಮಾತ್ರವಲ್ಲ, ಮುಂದಿನ ವಾರ ಅವಳೇ ಫೋನ್ ಮಾಡಿದಳು.

"ಅಕ್ಕಾ, ನಮ್ ಗೀಸರ್ ಕೊಳವೆ ಸೋರ್ತಿತ್ತಲ್ಲ, ನಾನೇ ಟೇಪು ಸುತ್ತಿದೆ. ಒಂದು ಹನೀನೂ ಇಲ್ಲ. ಕಾಫಿಗೆ ಬಾ, ತೋರಿಸ್ತೀನಿ."

ನನ್ನ ಕಣ್ಣು ತುಂಬಿತು. ಹೊಸ ಕೋಟು ತೊಟ್ಟು, ಕೈಚೀಲ ಹಿಡಿದು ಹೋದೆ. ಬಚ್ಚಲಿನಲ್ಲಿ ಅವಳ ಕೈಕೆಲಸ ಥಳಥಳ ಹೊಳೆಯುತ್ತಿತ್ತು. ತಬ್ಬಿಕೊಂಡು ಹೊಗಳಿದೆ. ಅವಳು ಕಾಫಿ ಮಾಡಲು ಹೋದಳು.

ನಾನು ಒಬ್ಬಳೇ ಉಳಿದೆ. ಸಂಧಿಯ ಅಂಚಿನಲ್ಲಿ ಬಿಳಿ ಟೇಪಿನ ಎಳೆಯೊಂದು ಹೊರಗೆ ಇಣುಕುತ್ತಿತ್ತು. ಗಿನ್ಕಾ ಚಿಕ್ಕಂದಿನಿಂದ ಸ್ವಲ್ಪ ಅವಸರದ ಹುಡುಗಿ. ಜಡೆ ಹಾಕಿಕೊಂಡರೂ ಸಡಿಲ. ನಾಳೆ ರಾತ್ರೋರಾತ್ರಿ ಇದು ಬಿಚ್ಚಿಕೊಂಡರೆ? ಹಿರಿಯಕ್ಕನಾಗಿ ನನಗೊಂದು ಜವಾಬ್ದಾರಿ ಇಲ್ಲವೇ? ಬರೀ ಗಟ್ಟಿಯಾಗಿದೆಯೇ ಎಂದು ನೋಡುವುದು, ಅಷ್ಟೇ. ಒಂಚೂರು.

ಮುಂದಿನದು ನಾನು ಹೇಳಬೇಕಿಲ್ಲ. ಫೆಬ್ರವರಿಯ ನೀರು ಎಷ್ಟು ತಣ್ಣಗಿರುತ್ತದೆಂದರೆ ಕಿರುಚಲು ಬಾಯಿಯೂ ತೆರೆಯಲಿಲ್ಲ. ಕಾಫಿ ತಟ್ಟೆ ಹಿಡಿದು ಓಡಿಬಂದ ಗಿನ್ಕಾ, ಮೊದಲು ನೀರು ಬಂದ್ ಮಾಡಿದಳು. ಆಮೇಲೆ ಗೋಡೆ ನೋಡಿದಳು, ನನ್ನ ಕೋಟು ನೋಡಿದಳು, ಕೊನೆಗೆ ನನ್ನ ಕೈ ನೋಡಿದಳು.

"ಭಾವ ಬೆಳಿಗ್ಗೆನೇ ಫೋನ್ ಮಾಡಿದ್ರು," ಎಂದಳು ನಿಧಾನವಾಗಿ. "ಅಕ್ಕ ಬರೋದ್ರೊಳಗೆ ಮನೇಲಿರೋ ಸ್ಪ್ಯಾನರ್ ಬಚ್ಚಿಡು ಅಂದ್ರು. ಹಾಸಿಗೆ ಕೆಳಗೆ ಬಚ್ಚಿಟ್ಟಿದ್ದೆ ಕಣೇ. ನಿನ್ನ ಕೈಲಿರೋ ಇದು ಎಲ್ಲಿಂದ ಬಂತು?"

ನನ್ನ ಗಂಡ ನನ್ನ ಬೆನ್ನ ಹಿಂದೆ ಹೀಗೆಲ್ಲ ಮಾತಾಡುತ್ತಾನೆಂದು ತಿಳಿದು ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಆದರೆ ಅದನ್ನು ಆಡಿ ತೋರಿಸಲು ಅದು ಸಮಯವಾಗಿರಲಿಲ್ಲ. ಬಾಯಿ ತೆರೆದಿದ್ದ ನನ್ನ ಕೈಚೀಲವನ್ನು ಕಾಲಿನಿಂದ ಮೆಲ್ಲಗೆ ಬಾಗಿಲ ಹಿಂದಕ್ಕೆ ಸರಿಸಿದೆ.