ಯುರೋಪಿಗೆ ಹೊರಟ ಮೆಣಸಿನಕಾಯಿ

ಕೊಣ್ಣೂರಿನ ವೀರಪ್ಪ ಎತ್ತುಗಳಿಗೆ ನೀರು ಕುಡಿಸುತ್ತಿದ್ದಾಗ ಫೋನು ಬಂತು. ರಫ್ತು ಕಂಪನಿಯ ಅರ್ಚನಾ ಮೇಡಮ್.

"ವೀರಪ್ಪಾರ, ನಿಮ್ಮ ಮೆಣಸಿನಕಾಯಿ ರಿಪೋರ್ಟ್ ಬಂದೈತ್ರಿ. ಮಧ್ಯಾಹ್ನ ಬರ್ತೇನಿ. ಸ್ವಲ್ಪ ಮಾತಾಡೋದೈತಿ."

ಆ ಕೊನೆಯ ಮಾತಿಗೆ ಕೈಯಲ್ಲಿದ್ದ ಕೊಡ ಜಾರಿ ಎತ್ತಿನ ಕಾಲ ಮೇಲೆ ಬಿತ್ತು. ಎತ್ತು ಬಿಟ್ಟೀತೆ? ಅದೂ ಒದ್ದು ತನ್ನ ಮಾತು ಆಡಿತು.

ವೀರಪ್ಪನ ಹಸಿ ಮೆಣಸಿನಕಾಯಿ ಈ ಸಲ ಯುರೋಪಿಗೆ ಹೋಗಬೇಕಿತ್ತು. ಕಂಪನಿಯ ಕರಾರು ಒಂದೇ: ಬೂದಿ ರೋಗಕ್ಕೆ ಹೊಡೆಯುವ ಒಂದು ಔಷಧಿಯನ್ನು ಮುಟ್ಟಕೂಡದು. ಅದು ತಯಾರಾಗುವುದು ಆ ಕಡೆಯೇ, ಮಾರುವುದು ನಮಗೆ. ಆದರೆ ಅದು ಸೋಕಿದ ಕಾಯಿ ಮಾತ್ರ ಅವರಿಗೆ ನಿಷಿದ್ಧ. "ಮಗಳನ್ನ ಕೊಟ್ಟ ಮನ್ಯಾಗ ನೀರು ಕುಡಿಯಂಗಿಲ್ಲ ಅನ್ನೋ ಬೀಗರಿದ್ದಂಗ" ಎಂದು ಹೆಂಡತಿ ದಾನೇಶ್ವರಿ ನಕ್ಕಿದ್ದಳು.

ವೀರಪ್ಪನೂ ನಕ್ಕಿದ್ದ. ಆದರೆ ಎಲೆಗಳ ಮೇಲೆ ಬಿಳಿ ಬೂದಿ ಕಂಡೊಡನೆ ಧೈರ್ಯ ಕರಗಿತು. ಗೋಕಾಕದಿಂದ ಅದೇ ಔಷಧಿ ತಂದು, ಹೆಂಡತಿಗೂ ಹೇಳದೆ ಹೊಡೆದುಬಿಟ್ಟ. ಅದಾದ ಕೆಲವೇ ದಿನಕ್ಕೆ ಕಂಪನಿಯವರು ಬಂದು ಪರೀಕ್ಷೆಗೆಂದು ಕಾಯಿ ಕೊಯ್ದುಕೊಂಡು ಹೋಗಿದ್ದರು.

ಉಳಿದ ಔಷಧಿಯ ಡಬ್ಬಿಯನ್ನು ಮೊದಲು ಅಡಗಿಸಬೇಕು ಎಂದು ತಿಪ್ಪೆ ಕೆದರಿದ. ಪಕ್ಕದ ಮನೆಯ ರಾಮವ್ವ ಗೋಡೆಯ ಮೇಲಿಂದ ಇಣುಕಿದಳು. "ವೀರಪ್ಪಣ್ಣಾ, ತಿಪ್ಪ್ಯಾಗ ಏನ ಹುಗ್ಯಾಕತ್ತಿ? ಬಂಗಾರೇನೋ?"

"ಏನಿಲ್ಲಬೇ, ಗೊಬ್ಬರ ನೋಡಾಕತ್ತಿದ್ದೆ."

ಇನ್ನು ತಂದಲ್ಲೇ ತಿರುಗಿ ಕೊಡುವುದು ಮೇಲೆಂದು ಡಬ್ಬಿಯನ್ನು ಚೀಲಕ್ಕೆ ತುರುಕಿ ಬಸ್ಸಿಗೆ ಓಡಿದ. ದಾರಿಯಲ್ಲಿ ಬಾಜೂ ಹೊಲದ ಸಿದ್ರಾಯ ಎದುರಾದ. ಊರಿನ ಕಷ್ಟವೆಲ್ಲ ತನ್ನದೇ ಎಂದುಕೊಂಡ ಜೀವ ಅದು. ಚೀಲದಿಂದ ಇಣುಕುತ್ತಿದ್ದ ಡಬ್ಬಿ ಅವನ ಕಣ್ಣಿಗೆ ಬಿತ್ತು.

"ಎಲ್ಲಿಗೆ ಕಾಕಾ, ಔಷಧಿ ಹೊತ್ಕೊಂಡು?"

ವೀರಪ್ಪನಿಗೆ ತಕ್ಷಣ ಹೊಳೆದ ಸುಳ್ಳು ಒಂದೇ. "ಇದು ರೋಗಕ್ಕ ಹತ್ತವಲ್ದೋ ತಮ್ಮಾ. ತಿರುಗಿ ಕೊಡಾಕ ಹೊಂಟೇನಿ."

"ಪಾಪ!" ಎಂದ ಸಿದ್ರಾಯ.

ಗೋಕಾಕದ ಅಂಗಡಿಯವನು ಡಬ್ಬಿ ನೋಡಿದ್ದೇ ಹಾವು ತುಳಿದವನಂತೆ ಹಿಂದೆ ಸರಿದ. "ಇದು ನಮ್ಮ ಅಂಗಡಿದ ಅಲ್ರಿ! ನಿಮ್ಮನ್ನ ನಾ ನೋಡೇ ಇಲ್ಲ. ಹೋಗ್ರಿ, ಹೋಗ್ರಿ!"

ವೀರಪ್ಪ ಡಬ್ಬಿಯ ಸಮೇತ ಮನೆಗೆ ಮರಳಿದಾಗ ಅರ್ಚನಾ ಕಟ್ಟೆಯ ಮೇಲೆ ಕೂತು ಚಹಾ ಕುಡಿಯುತ್ತಿದ್ದಳು. ಸುತ್ತ ಅರ್ಧ ಓಣಿ ನೆರೆದಿತ್ತು. ಅವಳು ಬಾಯಿ ತೆರೆಯುವ ಮುಂಚೆಯೇ ವೀರಪ್ಪ ಡಬ್ಬಿಯನ್ನು ಅವಳ ಮುಂದಿಟ್ಟು ಕೈಮುಗಿದ.

"ಒಮ್ಮೆ ಹೊಡದೇನ್ರಿ ಮೇಡಮ್ಮಾರ. ತಪ್ಪಾತು!"

ದಾನೇಶ್ವರಿ ಹಣೆ ಚಚ್ಚಿಕೊಂಡಳು. ಅರ್ಚನಾ ಮಾತ್ರ ಕಣ್ಣರಳಿಸಿದಳು. "ಹೊಡದೀರಾ? ರಿಪೋರ್ಟ್‌ನ್ಯಾಗ ಅದರ ವಾಸನೀನೂ ಇಲ್ಲಲ್ರಿ! ನಿಮ್ಮ ಹೊಲ ತೋರಿಸಿ ಬ್ಯಾರೆ ರೈತರಿಗೆ ಹೇಳೂನು ಅಂತ ಮಾತಾಡಾಕ ಬಂದಿದ್ದೆ."

ಡಬ್ಬಿ ತಿರುಗಿಸಿ, ಅದರ ಮೇಲಿನ ಗುರುತಿಗೆ ಮೊಬೈಲ್ ಹಿಡಿದು ನೋಡಿದ ಅರ್ಚನಾ ಚಹಾ ಚೆಲ್ಲುವಷ್ಟು ನಕ್ಕಳು. "ಡುಪ್ಲಿಕೇಟ್ ರೀ ಇದು! ಇದರಾಗ ಔಷಧೀನ ಇಲ್ಲ, ಬರೇ ಬಣ್ಣದ ಪುಡಿ. ಆ ಅಂಗಡಿಯವ ನಿಮ್ಮನ್ನ ಉಳಿಸ್ಯಾನ. ಹೋಗ್ಲಿ, ಕಾಯಿ ಸ್ವಚ್ಛ ಐತಿ. ನಾಳೆ ಲಾರಿ ಕಳಸ್ತೇನಿ. ಇನ್ನ ಮ್ಯಾಲ ಮಾತ್ರ ಹಿಂಗ ಮಾಡಬ್ಯಾಡ್ರಿ."

ಈದ ಎಮ್ಮೆಯ ಹಾಗೆ ವೀರಪ್ಪ ಉದ್ದನೆಯ ಉಸಿರು ಬಿಟ್ಟ. ಮೋಸ ಹೋದದ್ದಕ್ಕೆ ಇಷ್ಟು ಸಂತೋಷಪಟ್ಟವರು ಆ ಓಣಿಯಲ್ಲಿ ಹಿಂದೆ ಯಾರೂ ಇರಲಿಲ್ಲ. ದಾನೇಶ್ವರಿ ಎಲ್ಲರಿಗೂ ಇನ್ನೊಂದು ಸುತ್ತು ಚಹಾಕ್ಕಿಟ್ಟಳು. ರಾಮವ್ವ ಸಕ್ಕರೆ ತಂದುಕೊಟ್ಟಳು.

ಅಷ್ಟರಲ್ಲಿ ಬೆನ್ನಿಗೆ ಔಷಧಿ ಹೊಡೆಯುವ ಪಂಪು ಕಟ್ಟಿಕೊಂಡು, ಬೆವರಿನಲ್ಲಿ ತೊಯ್ದು ಸಿದ್ರಾಯ ಬಂದ.

"ಕಾಕಾ, ಇನ್ನ ಚಿಂತಿ ಬಿಡು! ನಿನ್ನ ಔಷಧಿ ಹತ್ತವಲ್ದು ಅಂದ್ಯಲ್ಲ, ಕೇಳಿ ಕರುಳ ಚುರ್ ಅಂತು. ಸೀದಾ ನಿನ್ನ ಹೊಲಕ್ಕ ಹೋಗಿ ನಂದ ಹೊಡದ ಬಂದೆ. ಒಂದ ಗಿಡಾನೂ ಬಿಟ್ಟಿಲ್ಲ." ಅವನು ಅರ್ಚನಾಳ ಕೈಯಲ್ಲಿದ್ದ ಡಬ್ಬಿ ನೋಡಿ, ಎದೆಯುಬ್ಬಿಸಿ ಹೇಳಿದ: "ಹೆಸರು ಅದೇ ರೀ ಮೇಡಮ್ಮಾರ. ಆದ್ರ ನಂದು ಖರೇ ಮಾಲು, ಒರಿಜಿನಲ್!"

ಅರ್ಚನಾ ಲಾರಿಯವನಿಗೆ ಫೋನು ಹಚ್ಚಿದಳು: "ನಾಳೆ ಬರಬ್ಯಾಡಪಾ."

ವೀರಪ್ಪ ಟವೆಲು ಮಡಚಿ ತಲೆಯ ಕೆಳಗಿಟ್ಟುಕೊಂಡು ಕಟ್ಟೆಯ ಮೇಲೆಯೇ ಅಡ್ಡಾದ. ಎಷ್ಟೋ ದಿನಗಳ ನಂತರ ಗಡದ್ದಾಗಿ ನಿದ್ದೆ ಹತ್ತಿತು. ಬಚ್ಚಿಡಲು ಇನ್ನು ಏನೂ ಉಳಿದಿರಲಿಲ್ಲ.