ಬೆಕ್ಕಿನ ಕಿವಿಯ ಖಂಡಪ್ಪ

ನಾರಾಯಣಪೇಟೆಯ ನೇಕಾರ ಖಂಡಪ್ಪ ಇಸ್ತ್ರಿ ಅಂಗಿ ತೊಟ್ಟು, ಹಣೆಗೆ ವಿಭೂತಿ ಹಚ್ಚಿ, ಗದ್ವಾಲಕ್ಕೆ ಹೊರಟು ಹೊಸ್ತಿಲು ದಾಟುವುದಕ್ಕೂ ಕಿರಾಣಿ ಅಂಗಡಿಯ ಮಾಳಿಂಗಪ್ಪ ಎದುರಿಗೆ ಬರುವುದಕ್ಕೂ ಸರಿಹೋಯಿತು. ಮಾಳಿಂಗಪ್ಪನ ಬಾಯಿ ಸುಮ್ಮನಿದ್ದಿದ್ದರೆ ಖಂಡಪ್ಪ ಆ ದಿನ ಹೋಗಿ, ಊಟ ಮಾಡಿ, ಮಾತು ಕೊಟ್ಟು, ಅದೇ ಇಸ್ತ್ರಿಯಲ್ಲಿ ಮನೆಗೆ ಬರುತ್ತಿದ್ದ.

"ಗದ್ವಾಲದ ಹುಡುಗನ ಬಗ್ಗೆ ಒಂದು ಮಾತು ಕಿವಿಗೆ ಬಿತ್ತಪಾ," ಎಂದ ಮಾಳಿಂಗಪ್ಪ. "ಹೇಳಬಾರದು ಅನಕೊಂಡಿದ್ದೆ."

"ಹಂಗಾರ ಹೇಳಬ್ಯಾಡ."

"ಹೇಳದೇ ಹ್ಯಾಂಗಿರಲಿ? ಅವನಿಗೆ ಫೋನಿನ ಆಟದ ಹುಚ್ಚಂತ. 'ಮಾಯಾದ್ವೀಪ' ಅಂತ ಅದರ ಹೆಸರು. ನನ್ನ ಷಡ್ಡಕ ಅದೇ ಓಣ್ಯಾಗ ಇರ್ತಾನ. ಮುಂಜಾನಿಂದ ಸಂಜಿತನ ಆ ಮನಿಯಿಂದ ಡಿಂಗ್ ಡಿಂಗ್ ಸಪ್ಪಳಾನs ಬರ್ತೈತಂತ. ನಡುವ 'ಹೊಡಿ, ಕಡಿ' ಅಂತ ಒದರೋದು ಬ್ಯಾರೆ!"

ಖಂಡಪ್ಪನ ಎದೆ ಲಾಳಿ ತಪ್ಪಿದ ಮಗ್ಗದಂತೆ ಟಕ್ಕೆಂದು ನಿಂತಿತು. ಶಿವಗಂಗಾ ಅವನಿಗೆ ಒಬ್ಬಳೇ ಮಗಳು. ಹುಡುಗ ಶರಣಬಸವ ಗದ್ವಾಲದಲ್ಲಿ ಮೋಟರ್ ವೈಂಡಿಂಗ್ ಅಂಗಡಿ ಇಟ್ಟವನು. ಹೋದ ತಿಂಗಳು ಕಾಕನ ಜೊತೆ ಬಂದು, ಹುಡುಗಿ ನೋಡಿ, ಮಂಡಕ್ಕಿಯ ಸುಸಲಾ ತಿಂದು, ಒಪ್ಪಿಗೆ ಎಂದು ಹೇಳಿ ಹೋಗಿದ್ದ. ತಾಯಿ ಗಂಗಾಂಬಿಕಾಗೆ ಮೊಣಕಾಲಿನ ಆಪರೇಷನ್ ಆಗಿದ್ದರಿಂದ ಆಕೆ ಬಂದಿರಲಿಲ್ಲ. ಇವತ್ತು ಖಂಡಪ್ಪ ಹೋಗಿ ತನ್ನ ಕಡೆಯ ಮಾತು ಕೊಡಬೇಕು. ಕೊಟ್ಟ ಮೇಲೆ ಹಿಂದಕ್ಕೆ ತೆಗೆದುಕೊಳ್ಳುವ ವಂಶ ಅವನದಲ್ಲ.

ಹೆಂಡತಿ ಆಶಮ್ಮ ಬಾಗಿಲಲ್ಲೇ ನಿಂತು ಎಲ್ಲ ಕೇಳಿಸಿಕೊಂಡಳು. "ಮಾತು ಕೊಡೂಕಿಂತ ಮೊದಲು ಹುಡುಗ ಎಂಥಾವ ಅಂತ ಚಂದಾಗಿ ನೋಡ್ಕೊಂಡು ಬರ್ರಿ," ಎಂದಳು. "ಮಂದಿ ಮಾತು ಕೇಳಿ ಬ್ಯಾಡ ಅನ್ನಬ್ಯಾಡ್ರಿ. ಮಂದಿ ಮಾತು ಬಿಟ್ಟು ಹೂಂ ಅಂತಾನೂ ಅನ್ನಬ್ಯಾಡ್ರಿ."

ಇದು ಸಲಹೆಯೋ ಶಿಕ್ಷೆಯೋ ತಿಳಿಯದೆ ಖಂಡಪ್ಪ ಮಗಳ ಫೋನು ಕೇಳಿ ತೆಗೆದುಕೊಂಡು, ಬಸ್ ನಿಲ್ದಾಣದ ಪಕ್ಕದ ಬಾಲರಾಜನ ಮೊಬೈಲ್ ಅಂಗಡಿಗೆ ಹೋದ. ಅವತ್ತು ತೆಲಂಗಾಣ ರಾಜ್ಯ ಹುಟ್ಟಿದ ದಿನ. ಚೌಕದಲ್ಲಿ ಧ್ವಜದ ಸುತ್ತ ಧ್ವನಿವರ್ಧಕ ಕಿರುಚುತ್ತಿತ್ತು.

"ಆ ಆಟದೊಳಗ ಹೋಗಿ ಒಬ್ಬನ್ನ ನೋಡಿ ಬರಬೇಕು," ಎಂದ ಖಂಡಪ್ಪ, ಆಸ್ಪತ್ರೆಯಲ್ಲಿ ರೋಗಿಯನ್ನು ನೋಡಿಬರುವವನ ಹಾಗೆ.

ಬಾಲರಾಜ ಕಣ್ಣರಳಿಸಿದ. ಅವನೂ ಆ ಆಟದ ಭಕ್ತನೇ. ಫೋನಿನಲ್ಲಿ ಆಟ ಇಳಿಸಿ, "ಹೆಸರು ಅದs ತಗೊಂತು ನೋಡ್ರಿ, ಶಿವಗಂಗಾ, ನಾರಾಯಣಪೇಟೆ ಅಂತ. ಈಗ ವೇಷ ಆರಿಸ್ಕೊಳ್ರಿ," ಎಂದು ಕೈಗಿತ್ತ. ಖಂಡಪ್ಪ ಮೀಸೆಯ ಗದಾಧಾರಿಯೊಬ್ಬನನ್ನು ಮುಟ್ಟಲು ಹೋದ. ನೂಲು ಹಿಡಿದು ದಡ್ಡುಗಟ್ಟಿದ ಬೆರಳು ಪಕ್ಕಕ್ಕೆ ಜಾರಿತು. ಗುಲಾಬಿ ಲಂಗ, ಕುಂಬಳಕಾಯಿಯಷ್ಟು ದೊಡ್ಡ ತಲೆ, ಅದರ ಮೇಲೆ ಬೆಕ್ಕಿನ ಎರಡು ಕಿವಿ ಇದ್ದ ಹುಡುಗಿಯೊಬ್ಬಳು ಟಣ್ಣನೆ ಜಿಗಿದು ಅವನಿಗೆ ಕಣ್ಣು ಹೊಡೆದಳು.

"ಇದನ್ನ ತಗೀಪಾ!"

"ಒಮ್ಮೆ ಆತಂದ್ರ ಆತ್ರಿ. ಜನ್ಮ ಇದ್ದಂಗ."

ಮಖ್ತಲದ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು ಖಂಡಪ್ಪ ಮಾಯಾದ್ವೀಪಕ್ಕೆ ಕಾಲಿಟ್ಟ. ಬೈಯಲೆಂದೇ ಹೋದವನಿಗೆ ಬೈಗುಳ ಮರೆತುಹೋಯಿತು. ಎಂಥ ಬಣ್ಣ! ಆಕಾಶವನ್ನು ಯಾರೋ ಬಣ್ಣದ ಬಾನಿಯಲ್ಲಿ ಅದ್ದಿ, ತೆಗೆಯುವುದು ಮರೆತಂತಿತ್ತು. ಮರಗಳು ಜಾತ್ರೆಯ ಸಕ್ಕರೆ ಮಿಠಾಯಿಯ ಹಾಗೆ ಉಬ್ಬಿದ್ದವು. ಇಡ್ಲಿಯಂಥ ಅಣಬೆಗಳು ಕಣ್ಣು ಪಿಳಿಪಿಳಿ ಬಿಡುತ್ತ ಕುಣಿಯುತ್ತಿದ್ದವು. ಒಂದನ್ನು ಹೊಡೆದರೆ ಅಳುತ್ತ ಓಡಿಹೋಗಿ, ಹೋಗುವಾಗ ಒಂದು ಟೋಪಿ ಬಿಟ್ಟು ಹೋಯಿತು. ಒಂದು ಹಂಸದ ರೆಕ್ಕೆಯ ಅಂಚಿನಲ್ಲಿದ್ದ ನೇಯ್ಗೆ ನೋಡಿ ಖಂಡಪ್ಪ, "ಇಂಥಾ ಕಡ್ಡಿ ಅಂಚು ನಾನೂ ಹಾಕೀನಿ, ಈ ನೀಲಿ ಮಾತ್ರ ನನಗ ಬರಲಿಲ್ಲ," ಎಂದು ಗಟ್ಟಿಯಾಗಿಯೇ ನಿಟ್ಟುಸಿರಿಟ್ಟ.

ಬಾಲರಾಜ ಹೇಳಿಕೊಟ್ಟಂತೆ ಅವನು ಹುಡುಕಿದಾಗ 'ಶರಣಬಸವ, ಗದ್ವಾಲ' ಎಂಬ ಹೆಸರು ಒಂದೇ ಇತ್ತು. ಗೆಳೆತನ ಕೇಳಿದ ಕೂಡಲೆ ಎದುರಿಗೆ ಹೊಂಬಣ್ಣದ ಕೂದಲು ಹಾರಾಡಿಸುತ್ತ ಕತ್ತಿ ಹಿಡಿದ ವೀರನೊಬ್ಬ ಪ್ರತ್ಯಕ್ಷನಾದ. ತಲೆಯ ಮೇಲೆ ಅಕ್ಷರ ಮೂಡಿತು: 'ಹೊಸಬರೇನು? ಊಟ ಆತಾ?'

ಖಂಡಪ್ಪನಿಗೆ ಟೈಪ್ ಮಾಡಲು ಬರುತ್ತಿರಲಿಲ್ಲ. ಮಾತಾಡಿದರೆ ಫೋನೇ ಬರೆದುಕೊಳ್ಳುತ್ತದೆ ಎಂದು ಬಾಲರಾಜ ತೋರಿಸಿದ್ದ. ಅವನು ಫೋನನ್ನು ಬಾಯಿಗೆ ಹಿಡಿದು, ಬಸ್ಸಿಗೆಲ್ಲ ಕೇಳುವಂತೆ, "ನಾನು ಇನ್ನೂ ಸಣ್ಣ ಹುಡುಗಿ! ಇವತ್ತs ಬಂದೀನಿ! ನನಗ ಕೈ ಹಿಡದು ನಡಸ್ರಿ!" ಎಂದು ಕೂಗಿದ.

ಬಸ್ಸಿನ ಮಂದಿಯೆಲ್ಲ ಅವನ ಮೀಸೆಯ ಕಡೆ ತಿರುಗಿದರು.

ಮಖ್ತಲದಲ್ಲಿ ಗದ್ವಾಲದ ಬಸ್ಸಿಗೆ ಬದಲಾಯಿಸುವ ಹೊತ್ತಿಗೆ ಸುದ್ದಿ ಅವನಿಗಿಂತ ಮೊದಲೇ ಬಸ್ಸು ಹತ್ತಿತ್ತು. ಪಕ್ಕಕ್ಕೆ ಬಂದು ಕೂತ ತಿರುಪತಮ್ಮ ಎಂಬ ಕರಿಬೇವಿನ ಬುಟ್ಟಿಯ ಮುದುಕಿ ಮುಲಾಜಿಲ್ಲದೆ, "ಅಯ್ಯೋ ರಾಮ, ಮೀಸಿ ಹೊತ್ಕೊಂಡು ಹುಡುಗಿ ಅಂತ ಹೇಳ್ತಿಯಲ್ಲೋ, ಏಮೈಂದಿ ನೀಕು, ಏನಾಗೈತಿ ನಿನಗ?" ಎಂದಳು. ಖಂಡಪ್ಪ ಗತಿಯಿಲ್ಲದೆ ಎಲ್ಲ ಹೇಳಿದ. ಮಗಳ ಬಾಳಿನ ಪ್ರಶ್ನೆ ಎಂದ ಕೂಡಲೆ ತಿರುಪತಮ್ಮ ಬುಟ್ಟಿ ಕೆಳಗಿಟ್ಟು ಸೆರಗು ಸೊಂಟಕ್ಕೆ ಸಿಕ್ಕಿಸಿದಳು. ಮುಂದಿನ ಸೀಟಿನ ರುಮಾಲಿನ ಮುದುಕ ಆದೆಪ್ಪ ಪೂರ್ತಿ ಹಿಂದಕ್ಕೆ ತಿರುಗಿ ಕೂತ.

"ಕುಡಿತಾನೇನು ಕೇಳು," ಎಂದ ಆದೆಪ್ಪ.

ಖಂಡಪ್ಪ ಕೇಳಿದ. ವೀರನ ಉತ್ತರ ಬಂತು: 'ಚಾ ಬಿಟ್ಟು ಬ್ಯಾರೆ ಏನೂ ಇಲ್ಲ.'

"ಸಿಟ್ಟು ಬರ್ತೈತೇನು ಕೇಳು," ಎಂದಳು ತಿರುಪತಮ್ಮ.

'ಬರ್ತೈತಿ. ಉಂಡು ಮಲಗಿದ್ರ ಹೋಗ್ತೈತಿ.'

"ಬಂಗಾರದಂಥಾ ಮಾತು!" ಎಂದು ತಿರುಪತಮ್ಮ ಖಂಡಪ್ಪನ ತೊಡೆಗೆ ಹೊಡೆದಳು. ಈಗ ವೀರ ಕೇಳಿದ: 'ನಿನಗ ರೊಟ್ಟಿ ಬಡಿಯಾಕ ಬರ್ತೈತೇನು?'

ಖಂಡಪ್ಪನಿಗೆ ಮಗಳ ರೊಟ್ಟಿ ನೆನಪಾಗಿ, ಸತ್ಯಕ್ಕೆ ಹೆದರಿ, "ಬರ್ತಾವು, ಆದರ ದುಂಡಗ ಬರೂದಿಲ್ಲ," ಎಂದ. ಆದೆಪ್ಪ ಹಣೆ ಬಡಿದುಕೊಂಡ. 'ಹೊಟ್ಟ್ಯಾಗ ಹೋದ ಮ್ಯಾಲ ಯಾರು ನೋಡ್ತಾರ?' ಎಂದು ಉತ್ತರ ಬಂದಾಗ ಹಿಂದಿನ ಸೀಟಿನವರೂ ಚಪ್ಪಾಳೆ ತಟ್ಟಿದರು. ಖಂಡಪ್ಪನ ಕಣ್ಣು ಒದ್ದೆಯಾಯಿತು. ಇಂಥ ಅಳಿಯ ದೀಪ ಹಿಡಿದು ಹುಡುಕಿದರೂ ಸಿಗುತ್ತಾನೆಯೇ?

ಅಷ್ಟರಲ್ಲಿ ದ್ವೀಪದ ನದಿಯಿಂದ ಏಡಿರಾಜ ಎದ್ದ. ಮನೆಯಷ್ಟು ದೊಡ್ಡವನು, ಕೆಂಪು, ತಲೆಯ ಮೇಲೆ ಕಿರೀಟ. ವೀರ ಕತ್ತಿ ಹಿರಿದು ಮುನ್ನುಗ್ಗಿದ. ಖಂಡಪ್ಪ ಗಾಬರಿಯಿಂದ, "ಹುಷಾರ್ರಿ, ಏಡಿ ಬಂತು, ಏಡಿ!" ಎಂದು ಕೂಗಿದರೆ ಫೋನು 'ಲೇಡಿ ಬಂತು, ಲೇಡಿ' ಎಂದು ಬರೆಯಿತು. 'ಬಂದರ ಬರಲಿ ಬಿಡು, ಮೊದಲು ಏಡಿ ಹೊಡಿ,' ಎಂದ ವೀರ. ಪರಸ್ತ್ರೀಯ ಕಡೆ ಕಣ್ಣೆತ್ತಿಯೂ ನೋಡದವನು ಎಂದು ಆದೆಪ್ಪ ಅಲ್ಲೇ ತೀರ್ಪು ಕೊಟ್ಟ.

ಬಸ್ಸು ಜೂರಾಲ ಅಣೆಕಟ್ಟಿನ ಹತ್ತಿರ ಬಂತು. ಏಡಿರಾಜ ವೀರನನ್ನು ಇಕ್ಕಳದಂಥ ಕಾಲಿನಲ್ಲಿ ಹಿಡಿದು ಮೇಲಕ್ಕೆತ್ತಿದ ಗಳಿಗೆಗೆ ಸರಿಯಾಗಿ ಪರದೆ ನಿಂತುಹೋಯಿತು. ನಡುವೆ ಒಂದು ಚಕ್ರ ಗಿರಗಿರ ತಿರುಗತೊಡಗಿತು.

ಖಂಡಪ್ಪ ಎದ್ದು ನಿಂತು ಬೊಬ್ಬೆ ಹಾಕಿದ: "ನಿಂದರಸ್ರಿ! ಹುಡುಗ ನೀರಾಗ ಸಿಕ್ಕೊಂಡಾನ! ಒಬ್ಬಾನs ಅದಾನ!"

ಕಂಡಕ್ಟರ್ ಸೀಟಿ ಊದಿದ. ಡ್ರೈವರ್ ಬ್ರೇಕ್ ಹಾಕಿದ ರಭಸಕ್ಕೆ ಕರಿಬೇವು ಬಸ್ಸಿನ ತುಂಬ ಹಾರಿತು. ನಾಲ್ಕೈದು ಮಂದಿ ಇಳಿದು ನೀರಿನ ಕಡೆ ಓಡಿದರು. ಒಬ್ಬನಂತೂ ಅಂಗಿಯನ್ನೇ ಬಿಚ್ಚಿದ.

"ಪಿಲ್ಲೋಡು ಎಕ್ಕಡ? ಹುಡುಗ ಎಲ್ಲಿ?" ಎಂದು ಕಂಡಕ್ಟರ್ ಏದುಸಿರು ಬಿಡುತ್ತ ಕೇಳಿದ. ಖಂಡಪ್ಪ ಫೋನು ತೋರಿಸಿದ.

ಕಂಡಕ್ಟರ್ ಆಮೇಲೆ ತೆಲುಗಿನಲ್ಲಿ ಆಡಿದ ಮಾತು ಖಂಡಪ್ಪನಿಗೆ ಪೂರ್ತಿ ಅರ್ಥವಾಯಿತು, ಅದೇ ದುಃಖ. ಸಿಗ್ನಲ್ ಹುಡುಕುತ್ತ ಅವನು ದಂಡೆಯ ಕಡೆ ನಾಲ್ಕು ಹೆಜ್ಜೆ ಇಟ್ಟದ್ದೇ ತಡ, "ರೈಟ್ ರೈಟ್" ಎಂದಿತು ಬಸ್ಸು. ತಿರುಪತಮ್ಮ ಕಿಟಕಿಯಿಂದ ಅರ್ಧ ಹೊರಗೆ ಬಂದು, "ಅಲ್ಲಿ ಎತ್ತರಕ್ಕ ನಿಂದರು, ಸಿಗ್ನಲ್ ಸಿಗ್ತೈತಿ! ಹುಡುಗನ್ನ ಬಿಡಬ್ಯಾಡ!" ಎಂದು ಕೂಗುತ್ತಲೇ ದೂರವಾದಳು.

ದಂಡೆಯಲ್ಲಿ ಮೀನು ಹುರಿದು ಮಾರುವ ಅಂಗಡಿಗಳಿದ್ದವು. ಮುಚ್ಚಳ ಹಾಕಿದ್ದ ಮೀನಿನ ದೊಡ್ಡ ಪೆಟ್ಟಿಗೆಯೊಂದರ ಮೇಲೆ ಹತ್ತಿ ಕೈ ಮೇಲೆತ್ತಿದಾಗ ಚಕ್ರ ನಿಂತು ಯುದ್ಧ ಶುರುವಾಯಿತು. ವೀರನಿಗೆ ಇನ್ನೇನು ಕೊನೆಯುಸಿರು. ಬೆಕ್ಕಿನ ಕಿವಿಯ ಖಂಡಪ್ಪನಿಗೂ ಅದೇ ಗತಿ. ಅವನ ಹತ್ತಿರ ಜೀವ ಉಳಿಸುವ ಮದ್ದು ಒಂದೇ ಒಂದು ಸೀಸೆ ಇತ್ತು. ಅದನ್ನು ತಾನು ಕುಡಿಯಲು ಹೋಗಿ ಬೇರೆ ಗುಂಡಿ ಒತ್ತಿದ. ಮದ್ದು ಹಾರಿ ವೀರನ ಬಾಯಿಗೆ ಬಿತ್ತು. ವೀರ ಎದ್ದು ಏಡಿರಾಜನನ್ನು ಎರಡು ಸೀಳು ಮಾಡಿದ. ಖಂಡಪ್ಪ ಸತ್ತ. ಪೆಟ್ಟಿಗೆಯ ಮುಚ್ಚಳವೂ ಮುರಿದು, ಅವನು ಸೊಂಟದವರೆಗೆ ಮೀನಿನೊಳಗೆ ಇಳಿದ.

ಪರದೆಯ ಮೇಲೆ ಅಕ್ಷರ ಮೂಡಿತು: 'ನಿನ್ನ ಮದ್ದು ನನಗ ಕೊಟ್ಟೆಲ್ಲವ್ವಾ!'

ಗದ್ವಾಲದ ಕಡೆ ಹೊರಟಿದ್ದ ಆಟೋ ಒಂದೇ ಸಿಕ್ಕಿತು. ಅದರಲ್ಲೂ ಮೀನೇ. ಹೀಗೆ ಖಂಡಪ್ಪ ಈರುಳ್ಳಿಯನ್ನೂ ಯೋಚಿಸಿ ತಿನ್ನುವ ಶಿವಭಕ್ತರ ಮನೆಯ ಬಾಗಿಲಿಗೆ, ವಿಭೂತಿ ಕರಗಿ ಕೆನ್ನೆಗಿಳಿದು, ಮೈಯೆಲ್ಲ ಮೀನಿನ ಹುರುಪೆ ಮಿನುಗುತ್ತ, ಹಿಂದೆ ಓಣಿಯ ಬೆಕ್ಕುಗಳ ಮೆರವಣಿಗೆಯೊಂದಿಗೆ ಬಂದು ನಿಂತ.

ಗಂಗಾಂಬಿಕಾ ಮಂಚದ ಮೇಲೆ ಕಾಲು ಚಾಚಿ ಕೂತಿದ್ದಳು. ಸೆರಗು ಮೂಗಿಗೆ ಹೋದರೂ ಮರ್ಯಾದೆಯಿಂದ, "ಬರ್ರಿ ಬೀಗರ, ಹಾದ್ಯಾಗ ತ್ರಾಸ ಆತೇನು?" ಎಂದಳು. ಆ ಹೊತ್ತಿಗೆ ಶರಣಬಸವನೂ ಅಂಗಡಿಯಿಂದ ಬಂದ. ಕೈಗೆ ಮೋಟರಿನ ಎಣ್ಣೆ ಮೆತ್ತಿತ್ತು.

ಖಂಡಪ್ಪ ತಡೆಯಲಾರದೆ ಅವನ ಎಣ್ಣೆಗೈಯನ್ನೇ ಹಿಡಿದ. "ಅಳಿಯಂದಿರs, ನಾನು ಮಾತು ಕೊಟ್ಟೆ! ಏನು ಧೈರ್ಯ ನಿಮ್ಮದು! ಆ ಏಡಿನ್ನ ಹ್ಯಾಂಗ ಸೀಳಿದ್ರಿ!"

"ಯಾವ ಏಡಿ ರೀ?" ಎಂದ ಶರಣಬಸವ. ನಿಜವಾಗಿಯೂ ತಿಳಿಯದ ಮುಖ.

"ಮಾಯಾದ್ವೀಪದ್ದು..."

"ಅದಾ? ಅವ್ವ ಮಲಗಿದಲ್ಲೇ ಬ್ಯಾಸರ ಮಾಡ್ಕೊಂಡಿದ್ಲು ಅಂತ ನನ್ನ ಹೆಸರಿಲೆ ಹಾಕಿಕೊಟ್ಟಿದ್ದೆ. ನನಗೆಲ್ಲೈತ್ರಿ ಪುರಸತ್ತು?"

ಮಂಚದ ಮೇಲೆ ಗಂಗಾಂಬಿಕಾ ದಿಂಬಿನ ಕೆಳಗೆ ಫೋನು ತಳ್ಳುವ ಪ್ರಯತ್ನದಲ್ಲಿದ್ದಳು. ಅದು ಡಿಂಗ್ ಎಂದಿತು.

"ಹೌದ್ರಿ, ನಾನs," ಎಂದಳು ನಾಚುತ್ತ. "ಮುಂಜಾನಿ ಶಿವಗಂಗಾ, ನಾರಾಯಣಪೇಟೆ ಅಂತ ಹೆಸರು ಕಂಡ್ತು. ಹುಡುಗಿ ನನ್ನ ಮಗನ್ನ ಪರೀಕ್ಷೆ ಮಾಡಾಕ ಬಂದಾಳ ಅಂತ ತಿಳೀತು. ಹಂಗಾರ ನಾನೂ ಆಕಿನ್ನ ಪರೀಕ್ಷೆ ಮಾಡೂಣು ಅಂತ ಸುಮ್ನಾದೆ. ಬೀಗರ, ಎಂಥಾ ಮಗಳನ್ನ ಹಡದೀರಿ! ಸುಳ್ಳು ಹೇಳಲಿಲ್ಲ, ರೊಟ್ಟಿ ದುಂಡಗ ಬರೂದಿಲ್ಲ ಅಂದ್ಲು. ತಾ ಸತ್ರೂ ಚಿಂತಿಲ್ಲ ಅಂತ ಮದ್ದು ನನಗ ಕೊಟ್ಲು. ನಾ ಇನ್ನೇನೂ ನೋಡೂದಿಲ್ಲ, ಆಕಿನs ನನ್ನ ಸೊಸಿ."

ಖಂಡಪ್ಪ ಸುಮ್ಮನಿರಬಹುದಿತ್ತು. ಆದರೆ ಮಗಳ ಸಂಸಾರ ಒಂದು ತಪ್ಪು ಗುಂಡಿಯ ಮೇಲೆ ನಿಲ್ಲುವುದು ಅವನಿಗೆ ಬೇಡವಾಯಿತು.

"ತಾಯಿ," ಎಂದ, ಮೀನಿನ ಅಂಗಿಯಲ್ಲೇ ಕೈ ಮುಗಿದು, "ಆ ಬೆಕ್ಕಿನ ಕಿವಿ ಹುಡುಗಿ ನಾನs ರೀ. ಮದ್ದು ಸೈತ ಕೊಡಬೇಕಂತ ಕೊಟ್ಟದ್ದಲ್ಲ, ಬೆರಳು ಜಾರಿತು."

ಗಂಗಾಂಬಿಕಾ ಅವನ ಮೀಸೆ ನೋಡಿದಳು. ಫೋನಿನಲ್ಲಿ ಗುಲಾಬಿ ಲಂಗ ನೋಡಿದಳು. ಮತ್ತೆ ಮೀಸೆ ನೋಡಿದಳು. ಆಮೇಲೆ ನಕ್ಕಳು ನೋಡಿ, ಮೊಣಕಾಲಿನ ನೋವು ಮರೆತು ಮಂಚವೇ ಅಲುಗಾಡುವಂತೆ ನಕ್ಕಳು. "ಅಯ್ಯ ನಮ್ಮಪ್ಪ! ನಾ ನಿಮ್ಮನ್ನ ನೋಡಿದಂಗಾತು, ನೀವು ನನ್ನ ನೋಡಿದಂಗಾತು. ಮದುವಿ ಆಗೋರನ್ನ ನೋಡಿದೋರು ಯಾರು?"

ಶರಣಬಸವ ಕೈ ಒರೆಸಿಕೊಳ್ಳುತ್ತ ನಿಧಾನವಾಗಿ ಬಾಯಿ ಬಿಟ್ಟ. "ನಾವು ನೋಡ್ಕೊಂಡೀವ್ರಿ. ಅವತ್ತು ಬಂದು ಹೋದಾಗಿಂದ ದಿನಾ ಫೋನಿನ್ಯಾಗ ಮಾತಾಡ್ತೀವಿ. ಇಬ್ಬರೂ ಯಾವತ್ತೋ ಹೂಂ ಅಂದೀವಿ. ಇವತ್ತು ಮುಂಜಾನಿ ಗೆಳತಿ ಫೋನಿಂದ ಮಾಡಿದ್ಲು, ನನ್ನ ಫೋನು ಅಪ್ಪನ ಕೈಯಾಗ ಐತಿ, ಮಾಡಬ್ಯಾಡ ಅಂತ."

ಜಳಕಕ್ಕೆ ಬಿಸಿನೀರು, ಶರಣಬಸವನ ಸಡಿಲ ಅಂಗಿ, ಹೋಳಿಗೆ ಊಟ ಎಲ್ಲ ಆಯಿತು. ಗಂಗಾಂಬಿಕಾ ಮಗನನ್ನು ಅತ್ತ ಕಳಿಸಿ, ಮಾಯಾದ್ವೀಪದ ಹಿಮದ ಕೋಟೆಗೆ ನಾಳೆ ತಪ್ಪದೆ ಬರಬೇಕೆಂದು ಖಂಡಪ್ಪನಿಂದ ಮಾತು ತೆಗೆದುಕೊಂಡಳು. ಆ ದಿನ ಅವನು ಯೋಚಿಸಿ ಕೊಟ್ಟ ಮಾತು ಅದೊಂದೇ.

ಸಂಜೆ ನಾರಾಯಣಪೇಟೆಯ ಮನೆಯ ಬಾಗಿಲಲ್ಲಿ ಆಶಮ್ಮ ಕಾಯುತ್ತಿದ್ದಳು. ಅವಳ ಹಿಂದೆ ಮಾಳಿಂಗಪ್ಪನೂ ಇದ್ದ.

"ಚಂದಾಗಿ ನೋಡಿದ್ರೇನು? ಹುಡುಗ ಎಂಥಾವ?" ಎಂದಳು ಆಶಮ್ಮ.

ಖಂಡಪ್ಪ ಹೊಸ್ತಿಲ ಮೇಲೆ ಕುಸಿದು ಕೂತ.

"ಹುಡುಗನ ಬಗ್ಗೆ ಮುಂಜಾನಿ ಎಷ್ಟು ಗೊತ್ತಿತ್ತೋ ಈಗೂ ಅಷ್ಟs. ಅದನ್ನ ನಿನ್ನ ಮಗಳಿಗೆ ಕೇಳು," ಎಂದ. "ಬೀಗಿತಿ ಮಾತ್ರ ಕತ್ತಿ ಹಿಡದ್ರ ಅಂಥಾಕಿ ಈ ಎರಡೂ ಜಿಲ್ಲಾದಾಗ ಇಲ್ಲ ನೋಡು."